ಕಾರಿನ ರೇಟೇ ಬೇರೆ, ಕಾರಿನ ಖರ್ಚೇ ಬೇರೆ: ಎಂಟು ವರ್ಷದ ಹಳೇ ಕಾರು ತಗೊಂಡ ನನ್ನ ಅನುಭವ

ನನ್ನ ಹಳೇ ಕಾರು ಹದಿನಾಲ್ಕು ವರ್ಷ ಓಡ್ತು. ಕೊನೆಗೆ ಗೇರ್‌ಬಾಕ್ಸ್ ಕೈಕೊಡ್ತು, ಅದನ್ನ ರೆಡಿ ಮಾಡ್ಸೋ ದುಡ್ಡಲ್ಲಿ ಇದೇ ಥರದ ಇನ್ನೊಂದು ಗಾಡಿ ಬರುತ್ತೆ ಸರ್ ಅಂತ ಮೆಕ್ಯಾನಿಕ್ ನಗ್ತಾ ಹೇಳ್ದ, ನಂಗೇನೂ ನಗು ಬರಲಿಲ್ಲ. ಸರಿ, ಹೊಸದೇ ತಗೊಳ್ಳೋಣ ಅಂತ ಶೋರೂಮಿಗೆ ಹೋದ್ರೆ, ನಾನು ಹದಿನಾಲ್ಕು ವರ್ಷದ ಹಿಂದಿನ ರೇಟನ್ನೇ ತಲೇಲಿಟ್ಕೊಂಡು ಬಂದಿದ್ದೀನಿ ಅಂತ ಅಲ್ಲಿನ ಹುಡುಗನಿಗೆ ನನ್ನ ಮುಖ ನೋಡಿದ ತಕ್ಷಣ ಗೊತ್ತಾಗಿರ್ಬೇಕು. ಅವನು ಗಾಡಿ ರೇಟು ಹೇಳ್ಲೇ ಇಲ್ಲ. "ಸರ್, ತಿಂಗಳಿಗೆ ಎಷ್ಟು ಕಟ್ಟಕ್ಕಾಗುತ್ತೆ ಅಷ್ಟು ಹೇಳಿ, ಮಿಕ್ಕಿದ್ದು ನಮಗೆ ಬಿಡಿ" ಅಂದ.

ನಾನು ಪೆದ್ದನ ಥರ ಒಂದು ನಂಬರ್ ಹೇಳಿಬಿಟ್ಟೆ. ಇದು ನಾನು ಮಾಡಿದ ಮೊದಲ್ನೇ ತಪ್ಪು. ಯಾಕಂದ್ರೆ ಆ ನಂಬರ್ ಒಂದು ಸಿಕ್ಕರೆ ಸಾಕು, ಅವರು ಯಾವ ಕಾರನ್ನ ಬೇಕಾದ್ರೂ ಅದರೊಳಗೆ ತೂರಿಸ್ತಾರೆ, ಕಂತಿನ ವರ್ಷ ಎಳೆದ್ರೆ ಆಯ್ತು. ಐದು ವರ್ಷಕ್ಕೆ ಕೂರಲಿಲ್ವಾ, ಏಳು ವರ್ಷ ಮಾಡು.

ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದೆ. ದುಡ್ಡಿನ ಲೆಕ್ಕ ನೋಡಿದ್ರೆ ತಲೆ ತಿರುಗ್ತಿತ್ತು, ಅದಕ್ಕೆ ಹೊಸ ಕಾರಿನ ಬೆಲೆ 100 ಅಂತ ಇಟ್ಕೊಂಡು ಮಿಕ್ಕಿದ್ದೆಲ್ಲ ಅದಕ್ಕೆ ಹೋಲಿಸಿ ಬರೆದೆ. 100 ಸಾಲ, ವರ್ಷಕ್ಕೆ 9 ಪರ್ಸೆಂಟ್ ಬಡ್ಡಿ ಅಂದ್ಕೊಳ್ಳಿ. ಮೂರು ವರ್ಷದಲ್ಲಿ ತೀರಿಸಿದ್ರೆ ತಿಂಗಳ ಕಂತು 3.18, ಒಟ್ಟು ಕಟ್ಟೋದು 114.5. ಅದೇ ಸಾಲ ಏಳು ವರ್ಷಕ್ಕೆ ಎಳೆದ್ರೆ ಕಂತು 1.61ಕ್ಕೆ ಇಳಿಯುತ್ತೆ, ಕೇಳೋಕೆ ಹಿತವಾಗಿರುತ್ತೆ, ಆದ್ರೆ ಒಟ್ಟು ಕಟ್ಟೋದು 135. ಅಂದ್ರೆ ಕಾರಿನ ಮೂರನೇ ಒಂದು ಭಾಗದಷ್ಟು ದುಡ್ಡು ಬರೀ ಬಡ್ಡಿಗೆ ಹೋಯ್ತು. ಇನ್ನೂ ಮಜಾ ಇರೋದು ಎರಡು ವರ್ಷ ಆದ್ಮೇಲೆ. ಏಳು ವರ್ಷದ ಸಾಲದಲ್ಲಿ ಎರಡು ವರ್ಷ ಕಟ್ಟಿದ್ಮೇಲೂ ಅಸಲು 77.5 ಬಾಕಿ ಇರುತ್ತೆ. ಹೊಸ ಕಾರು ಮೊದಲ್ನೇ ವರ್ಷ ಸುಮಾರು 20, ಆಮೇಲೆ ವರ್ಷಕ್ಕೆ ಉಳಿದಿದ್ರಲ್ಲಿ 15 ಪರ್ಸೆಂಟ್ ಕಳ್ಕೊಳ್ಳುತ್ತೆ ಅನ್ನೋ ಹಳೇ ಲೆಕ್ಕದಲ್ಲಿ ಆ ಹೊತ್ತಿಗೆ ಗಾಡಿ ಬೆಲೆ 68. ಏನೋ ಕಷ್ಟ ಬಂತು, ಗಾಡಿ ಮಾರೋಣ ಅಂದ್ರೆ ಮಾರಿದ್ಮೇಲೂ ಕೈಯಿಂದ ಒಂಬತ್ತು ಹತ್ತು ಹಾಕಿ ಸಾಲ ತೀರಿಸ್ಬೇಕು. ಗಾಡಿನೂ ಇಲ್ಲ, ಮೇಲೆ ದಂಡ ಬೇರೆ.

ಸಾಲ ಕೊಡೋ ಇನ್ನೊಬ್ಬ ಫ್ಲಾಟ್ ರೇಟ್ ಅಂತ ಬಂದ. 9 ಪರ್ಸೆಂಟ್ ಫ್ಲಾಟ್, ಐದು ವರ್ಷ. ಇದು ಕೂಡ 9, ಅದು ಕೂಡ 9 ಅಂತ ನಾನು ಸುಮ್ಮನಿದ್ದೆ, ಆಮೇಲೆ ಕೂತು ನೋಡಿದ್ರೆ ಫ್ಲಾಟ್‌ನಲ್ಲಿ ಕೊನೇ ಕಂತಿನವರೆಗೂ ಪೂರ್ತಿ 100ಕ್ಕೇ ಬಡ್ಡಿ ಹಾಕ್ತಾರೆ, ನೀವು ಅರ್ಧ ಸಾಲ ತೀರಿಸಿದ್ರೂ ಅವರಿಗೆ ಅದು ಲೆಕ್ಕಕ್ಕಿಲ್ಲ. ನಿಜವಾದ ಬಡ್ಡಿ 15 ದಾಟುತ್ತೆ.

ರೇಟು ಯಾಕೆ ಹಿಂಗೆ ಏರಿದೆ ಅಂತಾನೂ ಸ್ವಲ್ಪ ತಡಕಾಡಿದೆ, ಸಿಟ್ಟು ಇಳಿಸ್ಕೊಳ್ಳೋಕಾದ್ರೂ. 2020ರಲ್ಲಿ ಫ್ಯಾಕ್ಟರಿಗಳು ಮುಚ್ಚಿದಾಗ ಕಾರು ಕಂಪನಿಗಳು ಚಿಪ್ ಆರ್ಡರ್ ಕ್ಯಾನ್ಸಲ್ ಮಾಡಿದ್ವು, ಚಿಪ್ ಮಾಡೋರು ಆ ಜಾಗದಲ್ಲಿ ಲ್ಯಾಪ್‌ಟಾಪ್, ಫೋನಿನ ಆರ್ಡರ್ ಹಿಡಿದ್ರು. ಕಾರಿನವರು ವಾಪಸ್ ಬಂದು ಕೇಳಿದಾಗ ಲೈನ್ ಖಾಲಿ ಇರ್ಲಿಲ್ಲ. 2021ರ ಫೆಬ್ರವರೀಲಿ ಅಮೆರಿಕದ ಟೆಕ್ಸಾಸಲ್ಲಿ ಹಿಮಗಾಳಿಗೆ ಕರೆಂಟ್ ಹೋಗಿ ಚಿಪ್ ಫ್ಯಾಕ್ಟರಿಗಳು ನಿಂತ್ವು, ಮಾರ್ಚಲ್ಲಿ ಜಪಾನಿನಲ್ಲಿ ರೆನೆಸಾಸ್ ಅನ್ನೋ ಚಿಪ್ ಕಂಪನಿಯ ನಾಕಾ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಹೊಸ ಕಾರು ಸಿಗದೇ ಇದ್ದಾಗ ಜನ ಹಳೇದಕ್ಕೆ ಮುಗಿಬಿದ್ರು, ಅಮೆರಿಕದಲ್ಲಿ 2021ರ ಜೂನ್ ಹೊತ್ತಿಗೆ ಹಳೇ ಕಾರಿನ ಬೆಲೆ ಒಂದೇ ವರ್ಷದಲ್ಲಿ 45 ಪರ್ಸೆಂಟ್ ಏರಿತ್ತು. ಚಿಪ್ ಸಮಸ್ಯೆ ಮುಗೀತಲ್ಲ ಮತ್ಯಾಕೆ ರೇಟು ಇಳಿದಿಲ್ಲ ಅಂತ ಕೇಳ್ಬಹುದು. ಆವಾಗ ತಯಾರಾಗದೇ ಇದ್ದ ಕಾರು ಈಗ ಸೆಕೆಂಡ್‌ಹ್ಯಾಂಡ್ ಆಗಿ ಬರೋಕೆ ಹೆಂಗೆ ಸಾಧ್ಯ? ಹುಟ್ಟೇ ಇಲ್ಲ ಅದು. ಆಮೇಲೆ ಲಾಭ ಕಮ್ಮಿ ಅಂತ ಸಣ್ಣ ಕಾರುಗಳನ್ನೇ ನಿಲ್ಲಿಸ್ತಾ ಬಂದಿದ್ದಾರೆ, ನಲವತ್ತು ವರ್ಷದ ಮೇಲೆ ಓಡಿದ್ದ ಫೋರ್ಡ್ ಫಿಯೆಸ್ಟಾನೇ 2023ರಲ್ಲಿ ನಿಂತುಹೋಯ್ತು. ಸೇಫ್ಟಿ ಸಾಮಾನಿನ ಖರ್ಚೂ ಇದೆ, ಯುರೋಪಲ್ಲಿ 2024ರ ಜುಲೈನಿಂದ ಹೊಸ ಕಾರಿಗೆಲ್ಲ ತಾನಾಗೇ ಬ್ರೇಕ್ ಹಾಕೋ ಸಿಸ್ಟಮ್ ಇರಲೇಬೇಕು. ಅದು ಬೇಡ ಅಂತ ನಾನು ಹೇಳಲ್ಲ. ಆದ್ರೆ ಮುಂದಿನ ಗಾಜು ಒಡೆದ್ರೆ ಗಾಜಿನ ಜೊತೆಗೆ ಅದರ ಹಿಂದಿನ ಕ್ಯಾಮೆರಾನೂ ಮತ್ತೆ ಸೆಟ್ ಮಾಡಿಸ್ಬೇಕು, ಆ ಬಿಲ್ ನೋಡಿದೋರಿಗೇ ಗೊತ್ತು.

ಸರಿ, ಹೊಸದು ಆಗಲ್ಲ, ಮೂರು ವರ್ಷದ್ದು ನೋಡೋಣ ಅಂದ್ಕೊಂಡೆ. ಎಲ್ರೂ ಕೊಡೋ ಬುದ್ಧಿವಾದ ಅದೇ ಅಲ್ವಾ, "ಮೊದಲ್ನೇ ಓನರ್ ಲಾಸ್ ತಿಂದಿರ್ತಾನೆ, ನೀನು ಆರಾಮಾಗಿ ತಗೋ". ನಮ್ಮ ಭಾವಮೈದ ಇದನ್ನೇ ಇಪ್ಪತ್ತು ಸಲ ಹೇಳ್ದ. ಹೋಗಿ ನೋಡಿದ್ರೆ ಮೂರು ವರ್ಷದ ಗಾಡಿಗೆ 82 ಹೇಳ್ತಿದ್ದಾರೆ! ಲಾಸ್ ತಿಂದಿರೋನು ಎಲ್ಲಿ? ಅದರ ಮೇಲೆ ಹಳೇ ಗಾಡಿ ಸಾಲಕ್ಕೆ ಬಡ್ಡಿ ಜಾಸ್ತಿ, ನಂಗೆ ಹೇಳಿದ್ದು 12. ವಾರಂಟಿ ಮುಗಿಯೋಕೆ ಬಂದಿರುತ್ತೆ, ಟೈರ್ ಸವೆದಿರುತ್ತೆ.

ಅವತ್ತು ರಾತ್ರಿ ಐದು ವರ್ಷ ಇಟ್ಕೊಂಡು ಮಾರಿದ್ರೆ ಏನಾಗುತ್ತೆ ಅಂತ ಹೊಸದು, ಮೂರು ವರ್ಷದ್ದು, ಎಂಟು ವರ್ಷದ್ದು ಮೂರಕ್ಕೂ ಲೆಕ್ಕ ಹಾಕ್ದೆ. ಹೊಸದು 100ಕ್ಕೆ ತಗೊಂಡು 55ಕ್ಕೆ ಮಾರ್ತೀನಿ ಅಂದ್ಕೊಂಡ್ರೆ ಬೀಳೋದು 45, 80 ಸಾಲ ಮಾಡಿದ್ರೆ ಐದು ವರ್ಷದ ಬಡ್ಡಿ 20 ಹತ್ರ, ಒಟ್ಟು 65. ಮೂರು ವರ್ಷದ್ದು 82ಕ್ಕೆ ತಗೊಂಡು 35ಕ್ಕೆ ಮಾರಿದ್ರೆ 47, 65 ಸಾಲಕ್ಕೆ ಬಡ್ಡಿ 22, ರಿಪೇರಿಗೆ 8, ಒಟ್ಟು 77. ಮೂರು ಸಲ ಚೆಕ್ ಮಾಡ್ದೆ, ಹೊಸದಕ್ಕಿಂತ ಹಳೇದೇ ದುಬಾರಿ! ಎಂಟು ವರ್ಷದ್ದು 38ಕ್ಕೆ ಸಿಗ್ತಿತ್ತು, ಐದು ವರ್ಷ ಆದ್ಮೇಲೆ ಅದು 10ಕ್ಕೆ ಹೋದ್ರೂ ಬೀಳೋದು 28, ರಿಪೇರಿಗೆ ಅಂತ ಧಾರಾಳವಾಗಿ 17 ಇಟ್ಟೆ, 15ರಷ್ಟು ಒಂದೇ ವರ್ಷದ ಸಣ್ಣ ಸಾಲಕ್ಕೆ ಬಡ್ಡಿ 1, ಒಟ್ಟು 46. ಇನ್ಶೂರೆನ್ಸ್, ಪೆಟ್ರೋಲ್ ಸೇರಿಸಿಲ್ಲ, ಇನ್ಶೂರೆನ್ಸ್ ಹೊಸದಕ್ಕೇ ಜಾಸ್ತಿ ಇರೋದ್ರಿಂದ ಅಂತರ ಇನ್ನೂ ಸ್ವಲ್ಪ ಹಿಗ್ಗುತ್ತೆ. ಈ ಮಾರೋ ರೇಟುಗಳು ನನ್ನ ಅಂದಾಜು, ನಿಮ್ಮ ಮಾರ್ಕೆಟ್ ನೋಡಿ ನಿಮ್ಮದೇ ಹಾಕ್ಕೊಳ್ಳಿ, ಉತ್ತರ ಬೇರೆ ಬರ್ಬಹುದು.

ಭಾವಮೈದನಿಗೆ ತೋರಿಸ್ದೆ. "ಭಾವ, ಎಂಟು ವರ್ಷದ ಗಾಡಿ ಅಂದ್ರೆ ತಲೆನೋವು ಕೊಂಡ್ಕೊಂಡಂಗೆ" ಅಂದ. "ಹೌದು ಕಣೋ, ಆ ತಲೆನೋವಿಗೆ 17 ಎತ್ತಿಟ್ಟಿದ್ದೀನಲ್ಲ" ಅಂದೆ.

ಹುಡುಕೋದು ಮಾತ್ರ ನಿಜವಾದ ತಲೆನೋವೇ. ಎರಡು ತಿಂಗಳಲ್ಲಿ ಏಳು ಗಾಡಿ ನೋಡ್ದೆ. ಮೊದಲ್ನೇದು ನೋಡೋಕೆ ಹೇಳಿದ ಟೈಮಿಗಿಂತ ಅರ್ಧ ಗಂಟೆ ಮುಂಚೆ ಹೋದೆ, ಬಾನೆಟ್ ಮೇಲೆ ಕೈಯಿಟ್ರೆ ಬಿಸಿ. "ಈಗ ತಾನೆ ತೊಳ್ಸ್ಕೊಂಡು ಬಂದೆ" ಅಂದ ಓನರ್, ಆದ್ರೆ ಚಕ್ರದಲ್ಲೆಲ್ಲ ಒಣಗಿದ ಕೆಸರು ಹಂಗೇ ಇತ್ತು. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೇ ಅದರ ಯೋಗ್ಯತೆ ಗೊತ್ತಾಗೋದು. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಬಿಳಿ ಹೊಗೆ ಎಂಜಿನ್ ಬಿಸಿಯಾದ್ಮೇಲೂ ನಿಲ್ಲದೇ ಬರ್ತಾ ಇದ್ರೆ ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ದ್ರವ, ಒಳಗೆ ಹೋಗ್ತಿರ್ಬಹುದು. ಮೊದಲೇ ಬಿಸಿ ಮಾಡಿಟ್ಟಿದ್ದಾನೆ ಅಂದ್ರೆ ಏನೋ ಮುಚ್ಚಿಡ್ತಿದ್ದಾನೆ ಅಂತ್ಲೇ ನಾನು ಅಂದ್ಕೊಳ್ಳೋದು. ವಾಪಸ್ ಬಂದೆ.

ಮೂರನೇದು ಚೆಂದ ಇತ್ತು, ಪಳಪಳ ಅಂತಿತ್ತು, ಮೀಟರಲ್ಲಿ ಬರೀ 41 ಸಾವಿರ ಕಿಲೋಮೀಟರ್. ನಾನು ಒಲಿದೇ ಬಿಟ್ಟಿದ್ದೆ. ಜೊತೆಗೆ ಕರ್ಕೊಂಡು ಹೋಗಿದ್ದ ಮೆಕ್ಯಾನಿಕ್ ಎಂಜಿನ್ ನೋಡೋಕೆ ಮುಂಚೆ ಡ್ರೈವರ್ ಬಾಗಿಲು ತೆಗೆದು ಕುಕ್ಕರುಗಾಲಲ್ಲಿ ಕೂತು ಬ್ರೇಕ್ ಪೆಡಲ್ ನೋಡ್ದ. ಪೆಡಲ್ ರಬ್ಬರ್ ಬಲಗಡೆ ಮೂಲೇಲಿ ಸವೆದು ಗೆರೆಗಳೆಲ್ಲ ನುಣ್ಣಗಾಗಿತ್ತು. ಸೀಟಿನ ಅಂಚು, ಇಳಿದು ಹತ್ತುವಾಗ ತೊಡೆ ಉಜ್ಜುತ್ತಲ್ಲ ಅಲ್ಲಿ, ಫೋಮ್ ಕುಸಿದು ಹೋಗಿತ್ತು. "ಸರ್, ನಲವತ್ತು ಸಾವಿರಕ್ಕೆ ಪೆಡಲ್ ಹಿಂಗಾಗಲ್ಲ" ಅಂತ ಮೆಲ್ಲಗೆ ಅಂದು, ಸ್ಟೀರಿಂಗ್ ಕೆಳಗಿನ ಓಬಿಡಿ (ಕಾರಿನ ಕಂಪ್ಯೂಟರ್ ಓದೋ) ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದ. ಮೀಟರ್ ಬೋರ್ಡಲ್ಲಿ ತೋರ್ಸೋ ನಂಬರ್ ತಿದ್ದಬಹುದು, ಆದ್ರೆ ಎಷ್ಟೋ ಗಾಡಿಗಳಲ್ಲಿ ಬೇರೆ ಮಾಡ್ಯೂಲಲ್ಲೂ, ಅಂದ್ರೆ ಒಳಗಿನ ಇನ್ನೊಂದು ಸಣ್ಣ ಕಂಪ್ಯೂಟರಲ್ಲೂ, ಕಿಲೋಮೀಟರ್ ದಾಖಲಾಗಿರುತ್ತೆ, ತಿದ್ದೋರು ಅದನ್ನ ಮರೀತಾರೆ. ಈ ಗಾಡೀಲಿ ಗೇರ್‌ಬಾಕ್ಸ್ ಮಾಡ್ಯೂಲ್ ಹೇಳಿದ್ದು 1,18,000. ಮಾರೋನು ಫೋನ್ ಬಂತು ಅಂತ ಆಚೆ ಹೋದ, ನಾವು ಅವನು ಬರೋವರೆಗೂ ಕಾಯಲಿಲ್ಲ.

ಅಲ್ಲಿಂದ ಮುಂದೆ ನಾನೂ ಒಂದಷ್ಟು ಕಲಿತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ರ 23ನೇ ವಾರದಲ್ಲಿ ಮಾಡಿದ್ದು. ಗ್ರೂವ್ ಎಷ್ಟೇ ಆಳ ಇರಲಿ, ಆರೇಳು ವರ್ಷ ದಾಟಿದ ಟೈರಿಗೆ ನಾನು ಬೆಲೆ ಕಟ್ಟಲ್ಲ, ನಾಲ್ಕು ಹೊಸ ಟೈರಿನ ದುಡ್ಡನ್ನ ಅಲ್ಲೇ ರೇಟಲ್ಲಿ ಕಮ್ಮಿ ಕೇಳ್ತೀನಿ. ಗಾಜುಗಳ ಮೂಲೇಲೂ ವರ್ಷದ ಗುರುತು ಇರುತ್ತೆ, ಎಲ್ಲಾ ಒಂದೇ ಥರ ಇದ್ದು ಒಂದು ಮಾತ್ರ ಬೇರೆ ಇದ್ರೆ ಆ ಕಡೆ ಏನೋ ಆಗಿದೆ. ಬಾನೆಟ್ ಹಿಂಜ್ ಬೋಲ್ಟಿನ ಮೇಲೆ ಪೇಂಟ್ ಕಿತ್ತಿದ್ರೆ ಸ್ಪ್ಯಾನರ್ ಬಿದ್ದಿದೆ, ಬಾನೆಟ್ ಬಿಚ್ಚಿದ್ದಾರೆ ಅಂತ ಅರ್ಥ. ಪೇಂಟ್ ದಪ್ಪ ನೋಡೋ ಸಣ್ಣ ಮೀಟರ್ ಒಂದನ್ನ ಮೆಕ್ಯಾನಿಕ್ ಇಟ್ಕೊಂಡಿದ್ದ, ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಇರುತ್ತೆ, ಐದನೇ ಗಾಡಿ ಹಿಂದಿನ ಬಾಗಿಲಲ್ಲಿ ಅದು 700 ತೋರಿಸ್ತು, ಒಳಗೆಲ್ಲ ಪುಟ್ಟಿ ಮೆತ್ತಿದ್ದಾರೆ. ಸೀಟ್‌ಬೆಲ್ಟ್‌ನ ಕೊನೇವರೆಗೂ ಎಳೆದು ನೋಡಿ, ನೀರಲ್ಲಿ ಮುಳುಗಿದ್ದ ಗಾಡಿಯಾದ್ರೆ ಎಲ್ಲಾ ಕಡೆ ತೊಳೆದಿರ್ತಾರೆ, ಬೆಲ್ಟ್ ಸುರುಳಿಯ ಒಳಗಿನ ಮಣ್ಣಿನ ಗೆರೆ ಮಾತ್ರ ಹಂಗೇ ಉಳಿದಿರುತ್ತೆ.

ಪೇಪರ್ ವಿಷಯ ಎಲ್ರಿಗೂ ಗೊತ್ತಿರೋದೇ, ಚಾಸಿ ನಂಬರ್ 17 ಅಕ್ಷರಾನೂ ಒಂದೊಂದಾಗಿ ಓದಿ ಪೇಪರ್ ಜೊತೆ ಹೋಲಿಸಿ, ಗಾಡಿ ಮೇಲೆ ಸಾಲ ಬಾಕಿ ಇಲ್ಲ ಅಂತ ಬರಹದಲ್ಲಿ ತಗೊಳ್ಳಿ.

ಏಳನೇ ಗಾಡಿ ನೋಡೋಕೆ ಏನೂ ಚೆನ್ನಾಗಿರ್ಲಿಲ್ಲ. ಬಂಪರ್ ಗೀಚಿತ್ತು, ಹೆಡ್‌ಲೈಟ್ ಹಳದಿಯಾಗಿತ್ತು, ಸೀಟ್ ಕವರಿಗೆ ನಾಯಿ ಕೂದಲು ಅಂಟಿತ್ತು. ಮೀಟರಲ್ಲಿ 96 ಸಾವಿರ. ಆದ್ರೆ ಓನರಮ್ಮ ಒಂದು ಫೈಲ್ ತಂದು ಮುಂದಿಟ್ರು, ಮೊದಲ್ನೇ ಸರ್ವಿಸ್‌ನಿಂದ ಹಿಡಿದು ಒಂದೊಂದು ಬಿಲ್ಲೂ ವರ್ಷದ ಪ್ರಕಾರ ಜೋಡಿಸಿದ್ದು, ಪ್ರತಿ ಬಿಲ್ಲಲ್ಲೂ ಕಿಲೋಮೀಟರ್, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ್ದೂ ಇತ್ತು. ಬ್ರೇಕ್ ಆಯಿಲ್ ಯಾರ್ರೀ ಅಷ್ಟು ನಿಯತ್ತಾಗಿ ಬದಲಾಯಿಸ್ತಾರೆ? "ಕ್ಲಚ್ ಇನ್ನೊಂದು ಆರು ತಿಂಗಳು ಬರ್ಬಹುದಪ್ಪ, ನಾನು ಮೊದಲೇ ಹೇಳಿಬಿಡ್ತೀನಿ" ಅಂತ ಅವರೇ ಅಂದ್ರು. ನನ್ನ ಹತ್ರ ಚೌಕಾಸಿ ಮಾಡೋಕೆ ಉಳಿದಿದ್ದ ಒಂದೇ ಅಸ್ತ್ರ ಆ ಕ್ಲಚ್ಚೇ, ಅದನ್ನೂ ಅವರೇ ಹೇಳಿಬಿಟ್ರಲ್ಲ. 38 ಕೇಳಿದ್ರು, 36ಕ್ಕೆ ಮುಗೀತು.

ಈಗ ಹದಿನಾಲ್ಕು ತಿಂಗಳಾಯ್ತು. ಕ್ಲಚ್ ಐದನೇ ತಿಂಗಳಿಗೇ ಹೋಯ್ತು, ಟೈಮಿಂಗ್ ಬೆಲ್ಟ್‌ನ ನಾನೇ ಮುಂಚಿತವಾಗಿ ಹಾಕಿಸ್ದೆ, ಅದೊಂದು ತುಂಡಾದ್ರೆ ಎಂಜಿನ್‌ನ ವಾಲ್ವ್‌ಗಳೇ ಬಾಗಿ ಹೋಗ್ಬಹುದು, ಅದರ ಕಿಲೋಮೀಟರ್ ಲಿಮಿಟ್ ಬಂದಿದ್ರೆ ಯೋಚ್ನೇನೇ ಮಾಡ್ಬೇಡಿ. ಒಂದು ಸಲ ಬ್ಯಾಟರಿ ರಸ್ತೆ ಮಧ್ಯೆ ಕೈಕೊಟ್ಟು, ತಳ್ಳೋಕೆ ಭಾವಮೈದನೇ ಬಂದ, ಬಂದೋನು ಸುಮ್ಮನೆ ತಳ್ಳಿದ್ನಾ, ಮನೆವರೆಗೂ "ನಾನು ಅವತ್ತೇ ಹೇಳಿದ್ದೆ ಭಾವ" ಅಂತಾನೇ ಇದ್ದ. ಎಲ್ಲಾ ಸೇರಿ ಇಲ್ಲಿವರೆಗೆ ರಿಪೇರಿಗೆ ಹೋಗಿರೋದು 7. ಎತ್ತಿಟ್ಟಿದ್ದ 17ರಲ್ಲಿ ಇನ್ನೂ 10 ಇದೆ, ಸಣ್ಣ ಸಾಲ ಎರಡು ತಿಂಗಳ ಹಿಂದೆ ತೀರಿತು. ಏಸಿ ಹಾಕಿದಾಗ ಡ್ಯಾಶ್‌ಬೋರ್ಡ್ ಒಳಗೆ ಟಿಕ್ ಟಿಕ್ ಅಂತ ಏನೋ ಶಬ್ದ ಬರ್ತಿದೆ, ಮೆಕ್ಯಾನಿಕ್ ಹತ್ರ ಎರಡು ಸಲ ತಗೊಂಡು ಹೋದೆ, ಎರಡೂ ಸಲ ಅವನ ಮುಂದೆ ಬರಲೇ ಇಲ್ಲ.