‘ಅನುಭವ: ಇಲ್ಲ’ ಅಂತ ಬರೆದಿದ್ದೆ

2024ರ ಏಪ್ರಿಲ್. ಬಿ.ಕಾಂ. ಆರನೇ ಸೆಮಿಸ್ಟರ್‌ನಲ್ಲಿದ್ದೆ. ಬೆಂಗಳೂರಿನ ಒಂದು ಕಂಪನಿಯವರು ಕಾಲೇಜಿಗೆ ಬರುತ್ತಾರೆ, ಆಸಕ್ತಿ ಇರುವವರು ಶುಕ್ರವಾರದೊಳಗೆ ರೆಸ್ಯೂಮ್ ಕೊಡಬೇಕು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ನಮ್ಮದು ತಿಪಟೂರು ಕಡೆಯ ಹಳ್ಳಿ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ರೆಸ್ಯೂಮ್ ಬರೆದವರಿಲ್ಲ. ಗೊತ್ತಿದ್ದದ್ದು ಒಂದೇ ದಾರಿ, ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ. ಅಲ್ಲಿ ಕಂಪ್ಯೂಟರಿನಲ್ಲಿ ಒಂದು ಫೈಲ್ ಯಾವಾಗಲೂ ರೆಡಿ ಇರುತ್ತದೆ. ಹೆಸರು, ಊರು, ಅಂಕ ಹೇಳಿದರೆ ಹತ್ತು ನಿಮಿಷದಲ್ಲಿ ತಿದ್ದಿ ಪ್ರಿಂಟ್ ಕೈಗೆ ಕೊಡುತ್ತಾರೆ.

ಎರಡು ಪುಟ ಬಂತು. ಮೇಲೆ ‘ಕೆರಿಯರ್ ಆಬ್ಜೆಕ್ಟಿವ್’ ಅಂತ ನಾಲ್ಕು ಸಾಲು ಇಂಗ್ಲಿಷು. ಆಮೇಲೆ ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ. ‘ವರ್ಕ್ ಎಕ್ಸ್‌ಪೀರಿಯನ್ಸ್’ ಅನ್ನುವ ಕಡೆ ‘ಏನು ಹಾಕ್ಲಿ?’ ಅಂತ ಅಂಗಡಿಯವರು ಕೇಳಿದರು. ‘ಏನೂ ಇಲ್ಲ’ ಅಂದೆ. ‘ನಿಲ್’ ಅಂತ ಹಾಕಿದರು. ಕೊನೆಗೆ, ಮೇಲೆ ಹೇಳಿದ್ದೆಲ್ಲ ಸತ್ಯ ಎಂಬ ಘೋಷಣೆ, ಸಹಿ.

ಇಂಟರ್‌ವ್ಯೂ ದಿನ ಟೇಬಲ್ ಮೇಲೆ ನನಗಿಂತ ಮೊದಲು ಹೋದವರ ಕಾಗದಗಳು ಇದ್ದವು. ಅದೇ ಅಂಗಡಿ, ಅದೇ ಅಕ್ಷರ, ಅದೇ ನಾಲ್ಕು ಸಾಲು. ಎದುರಿಗಿದ್ದವರು ನನ್ನದನ್ನು ನೋಡಿ, ‘ನಿಮ್ಮ ಬಗ್ಗೆ ನೀವೇ ಹೇಳಿ’ ಅಂದು ಕಾಗದ ಪಕ್ಕಕ್ಕಿಟ್ಟರು. ಊರು, ಅಪ್ಪನ ಕೆಲಸ, ಅಂಕ ಹೇಳಿದೆ. ಎರಡು ನಿಮಿಷದಲ್ಲಿ ಹೊರಗೆ ಬಂದೆ. ಲಿಸ್ಟಿನಲ್ಲಿ ಹೆಸರು ಬರಲಿಲ್ಲ.

ಮರುವಾರ ನಮ್ಮ ಕಾಮರ್ಸ್ ಮೇಡಂ ಸ್ಟಾಫ್ ರೂಮಿಗೆ ಕರೆದು ಆ ಕಾಗದ ಕೇಳಿದರು. ಓದಿ ಸುಮ್ಮನೆ ಕೂತರು. ಆಮೇಲೆ, ‘ದಿನಾ ಮೊದಲ ಪೀರಿಯಡ್‌ಗೆ ಐದು ನಿಮಿಷ ತಡ ಬರ್ತೀಯಲ್ಲ, ಯಾಕೆ?’ ಅಂದರು.

‘ಡೈರಿ ಇರುತ್ತೆ ಮೇಡಂ. ಮುಗಿಸಿ ಬಸ್ ಹಿಡೀಬೇಕು.’

‘ಡೈರೀಲಿ ಏನು ಮಾಡ್ತೀಯಾ?’

ಹೇಳಿದೆ. ಚಿಕ್ಕಪ್ಪ ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಸೆಕ್ರೆಟರಿ. ಬೆಳಿಗ್ಗೆ ಆರಕ್ಕೆ ಹೋಗಿ ಹಾಲು ಹಾಕುವವರ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಂಟ್ರಿ ಮಾಡುತ್ತೇನೆ. ಬಟವಾಡೆಯ ಹಿಂದಿನ ದಿನ ಪಟ್ಟಿ ತಾಳೆ ನೋಡುತ್ತೇನೆ. ಡಿಗ್ರಿ ಮೊದಲ ವರ್ಷದ ಕೊನೆಯಿಂದ ಹೀಗೆ.

‘ಇದನ್ನ ಯಾಕೆ ಬರೆದಿಲ್ಲ?’

‘ಸಂಬಳ ಕೊಡಲ್ಲ ಮೇಡಂ. ಚಿಕ್ಕಪ್ಪನಿಗೆ ಸಹಾಯ ಅಷ್ಟೆ.’

‘ಎರಡು ವರ್ಷ ದಿನಾ ಲೆಕ್ಕ ಬರೆದವಳು ನಿಲ್ ಅಂತ ಬರೆದು ಸಹಿ ಹಾಕಿದ್ದೀಯಲ್ಲಮ್ಮ’ ಅಂದರು. ಬೈದಿದ್ದಲ್ಲ, ಅವರಿಗೆ ಬೇಜಾರಾಗಿತ್ತು. ನನಗೂ ಆಯಿತು.

ಅವತ್ತು ರಾತ್ರಿ ಒಂದು ನೋಟ್‌ಬುಕ್ ತೆಗೆದು, ಮೂರು ವರ್ಷದಲ್ಲಿ ನಾನು ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದೆ. ಈ ಹೆಜ್ಜೆ ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ ಅಂತ ಇವತ್ತಿಗೂ ನಂಬಿದ್ದೇನೆ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ‘ಹಾರ್ಡ್‌ವರ್ಕಿಂಗ್’, ‘ಸಿನ್ಸಿಯರ್’ ಅಂತ ಗೊತ್ತಿರುವ ನಾಲ್ಕು ಪದಕ್ಕೆ ಕೈ ಹೋಗುತ್ತದೆ. ಕನ್ನಡದಲ್ಲಿ ಬರೆದಾಗ ನಡೆದದ್ದು ನಡೆದ ಹಾಗೆ ಬಂತು. ಎಷ್ಟು ಜನ ಹಾಲು ಹಾಕುತ್ತಾರೆ? ಸುಮಾರು 60. ಎಷ್ಟು ದಿನ ಹೋಗಿದ್ದೇನೆ? ಪರೀಕ್ಷೆ, ಹಬ್ಬ ಬಿಟ್ಟು ಎಲ್ಲಾ ದಿನ. ತಪ್ಪಾದರೆ ಏನಾಗುತ್ತದೆ? ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಬರಬೇಕು, ಕಮ್ಮಿ ಬಂದರೆ ದರ ಇಳಿಯುತ್ತದೆ. ಒಬ್ಬರ ಅಂಕಿ ಇನ್ನೊಬ್ಬರ ನಂಬರಿಗೆ ಕೂತರೆ ಒಂದು ಮನೆಯ ದುಡ್ಡು ಹೋಗುತ್ತದೆ.

ಬರೆಯುತ್ತಾ ಹೋದಾಗ ಮರೆತೇ ಹೋಗಿದ್ದ ಒಂದು ದಿನ ನೆನಪಾಯಿತು. ಡೈರಿಯಿಂದ ಸಾಲವಾಗಿ ಒಯ್ದ ಪಶು ಆಹಾರದ ದುಡ್ಡನ್ನು ಹಾಲಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಒಂದು ಸಲ ಮುರಿದ ಮೊತ್ತಕ್ಕೂ ಸ್ಟಾಕ್ ಬುಕ್ಕಿಗೂ 180 ರೂಪಾಯಿ ವ್ಯತ್ಯಾಸ ಬಂತು. ಚಿಕ್ಕಪ್ಪ ಕೈಯಿಂದ ಹಾಕ್ತೀನಿ ಬಿಡು ಅಂದರು. ನಾನು ಬಿಡಲಿಲ್ಲ. ರಾತ್ರಿ ಒಂಬತ್ತೂವರೆಗೆ ಸಿಕ್ಕಿತು, ಒಬ್ಬರ ಹೆಸರಿನಲ್ಲಿ 1,530 ಇರಬೇಕಾದ ಕಡೆ 1,350 ಬರೆದಿತ್ತು. ಆ ವಾರವೇ ಕಾಲೇಜಿನ ಲ್ಯಾಬಿನಲ್ಲಿ ಎಕ್ಸೆಲ್ ಶೀಟ್ ಒಂದನ್ನು ಮಾಡಿದೆ. ಸದಸ್ಯರ ನಂಬರ್ ಹಾಕಿದರೆ ಅವರ ಬಾಬ್ತು ಎಷ್ಟು ಅಂತ ಸಮ್‌ಇಫ್ ಫಾರ್ಮುಲಾ ಕೂಡಿ ಕೊಡುತ್ತದೆ. ಸಣ್ಣ ಶೀಟು, ಆದರೆ ಆಮೇಲೆ ಚಿಕ್ಕಪ್ಪ ಅದನ್ನೇ ಬಳಸುತ್ತಿದ್ದರು.

ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿತು. ಅದರಲ್ಲಿ ಅಕೌಂಟ್ಸ್ ಕೆಲಸಕ್ಕೆ ಸಂಬಂಧಪಟ್ಟಿದ್ದನ್ನು ಮಾತ್ರ ಉಳಿಸಿಕೊಂಡೆ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲಿ ಶ್ರಮದಾನವನ್ನೂ ಮಾಡಿದ್ದೆ, ಊಟದ ಖರ್ಚಿನ ಲೆಕ್ಕವನ್ನೂ ಇಟ್ಟಿದ್ದೆ. ಎರಡನೆಯದನ್ನು ಬರೆದೆ. ರಂಗೋಲಿ ಬಹುಮಾನ ಬಿಟ್ಟೆ.

ಇಂಗ್ಲಿಷಿಗೆ ತರುವಾಗ ಫೋನಿನಲ್ಲಿ ಎಐ ಸಹಾಯ ತೆಗೆದುಕೊಂಡೆ. ವ್ಯಾಕರಣ ಚೆನ್ನಾಗಿ ತಿದ್ದಿತು. ಆದರೆ ಡೈರಿಯ ಲೆಕ್ಕವನ್ನೆಲ್ಲ ನಾನೇ ಮುನ್ನಡೆಸಿದೆ ಅನ್ನುವಂತೆ ‘ಸ್ಪಿಯರ್‌ಹೆಡೆಡ್’ ಅಂತ ಒಂದು ಪದ ಸೇರಿಸಿತ್ತು. ಡಿಕ್ಷನರಿ ನೋಡಿ ಅರ್ಥ ತಿಳಿದ ಮೇಲೆ ತೆಗೆದುಹಾಕಿದೆ. ಸಂಘ ನಡೆಸುವವರು ಚಿಕ್ಕಪ್ಪ ಮತ್ತು ಆಡಳಿತ ಮಂಡಳಿ. ನಾನು ಎಂಟ್ರಿ ಮಾಡಿದೆ, ತಾಳೆ ನೋಡಿದೆ, ವ್ಯತ್ಯಾಸ ಹುಡುಕಿದೆ. ಅಷ್ಟನ್ನೇ ಬರೆದೆ. ಪ್ರತಿ ಸಾಲಿಗೂ ‘ಇದರ ಬಗ್ಗೆ ಐದು ನಿಮಿಷ ಮಾತಾಡು ಅಂದರೆ ಮಾತಾಡಬಲ್ಲೆನಾ?’ ಅಂತ ಕೇಳಿಕೊಂಡೆ. ‘ಟ್ಯಾಲಿ’ ಅನ್ನುವ ಅಕೌಂಟ್ಸ್ ಸಾಫ್ಟ್‌ವೇರ್‌ನ ಹೆಸರು ಇದೇ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಸಿಲಬಸ್ಸಿನಲ್ಲಿತ್ತು, ಕೈ ಪಳಗಿರಲಿಲ್ಲ. ಹದಿನೈದು ದಿನ ಲ್ಯಾಬಿನಲ್ಲಿ ಕೂತು ಓಚರ್ ಎಂಟ್ರಿ, ಜಿಎಸ್‌ಟಿ ಬಿಲ್ ಕಲಿತ ಮೇಲೆ ಸೇರಿಸಿದೆ, ‘ಬೇಸಿಕ್’ ಅಂತ ಪಕ್ಕದಲ್ಲೇ ಹಾಕಿ.

ಓದಿನ ಭಾಗದಲ್ಲಿ ಒಂದು ಮುಜುಗರವಿತ್ತು. ನಮ್ಮದು 2021ರ ಪಿಯುಸಿ ಬ್ಯಾಚ್. ಕೊರೊನಾದಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯು ಅಂಕದ ಆಧಾರದ ಮೇಲೆ ಫಲಿತಾಂಶ ಕೊಟ್ಟಿದ್ದರು. ‘ಪರೀಕ್ಷೆ ಬರೆಯದೆ ಪಾಸಾದವರು’ ಅನ್ನುವ ಮಾತು ಎಷ್ಟು ಸಲ ಕೇಳಿದ್ದೇವೋ. ಆ ಸಾಲು ಬಿಟ್ಟುಬಿಡೋಣ ಅನ್ನಿಸಿತ್ತು. ಮೇಡಂ ಬೇಡ ಅಂದರು. ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೆ ಬರೆದೆ, ಡಿಗ್ರಿ ಮೇಲೆ, ಅದರ ಕೆಳಗೆ ಪಿಯುಸಿ, ಕೊನೆಗೆ ಎಸ್ಸೆಸ್ಸೆಲ್ಸಿ.

ಹೆಸರಿನದ್ದು ಇನ್ನೊಂದು ತೊಡಕು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ನಮ್ಮ ಕಡೆ ಬಹಳ ಜನಕ್ಕೆ ಹೀಗೇ ಇರುತ್ತದೆ. ಮಾರ್ಕ್ಸ್ ಕಾರ್ಡಿನ ಪ್ರಕಾರವೇ ಎಲ್ಲಾ ಕಡೆ ಒಂದೇ ಥರ ಹಾಕಿದೆ. ಧರ್ಮ, ಮದುವೆ, ತಂದೆಯ ಹೆಸರು ತೆಗೆದೆ. ಕೆಲಸ ಕೊಡುವವರಿಗೆ ಅವು ಬೇಕಿಲ್ಲ. ಒಂದೇ ಪುಟ, ಪಿಡಿಎಫ್, ಫೈಲಿಗೆ ನನ್ನದೇ ಹೆಸರು. ಕೊನೆಗೆ ಫೋನ್ ನಂಬರನ್ನು ಗೆಳತಿಯ ಕೈಲಿ ಓದಿಸಿ, ಡಯಲ್ ಮಾಡಿಸಿದೆ. ಜೆರಾಕ್ಸ್ ಅಂಗಡಿಯ ಕಾಗದದಲ್ಲಿ ನನ್ನ ನಂಬರಿನ ಒಂದು ಅಂಕಿಯೇ ತಪ್ಪಾಗಿತ್ತು ಅಂತ ಗೊತ್ತಾಗಿದ್ದು ಆಗಲೇ.

ನನ್ನ ಕೆಲಸದ ಬಗ್ಗೆ ವಿಚಾರಿಸಬೇಕಾದರೆ ಇರಲಿ ಅಂತ ರೆಸ್ಯೂಮಿನಲ್ಲಿ ಚಿಕ್ಕಪ್ಪನ ಹೆಸರು, ನಂಬರ್ ಹಾಕುವ ಮೊದಲು ಅವರನ್ನು ಕೇಳಿದೆ. ‘ನನ್ನ ಹೆಸರು ಯಾಕಮ್ಮ, ನಾನೇನು ದೊಡ್ಡ ಆಫೀಸರಾ?’ ಅಂದರು. ನನ್ನ ಕೆಲಸ ಕಣ್ಣಾರೆ ನೋಡಿದವರು ನೀವೊಬ್ಬರೇ ಅಂದೆ. ಒಪ್ಪಿದರು.

ಜೂನ್‌ನಲ್ಲಿ ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಅಸಿಸ್ಟೆಂಟ್ ಕೆಲಸ ಇದೆ ಅಂತ ಸೀನಿಯರ್ ಅಕ್ಕ ಒಬ್ಬರು ಹೇಳಿದರು. ಕಳಿಸಿದೆ, ಕರೆದರು. ಆಡಿಟರು ಆ ಒಂದು ಪುಟವನ್ನು ಪೂರ್ತಿ ಓದಿ, ಡೈರಿಯ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು.

‘180 ರೂಪಾಯಿ ವ್ಯತ್ಯಾಸ ಬಂದಾಗ ಹೇಗೆ ಹುಡುಕಿದ್ರಿ?’

‘ಮೊದಲು ಕೂಡಿದ್ದು ತಪ್ಪೇನೋ ಅಂತ ಎರಡು ಸಲ ಕೂಡಿದೆ ಸರ್. ಆಮೇಲೆ 180 ಒಂಬತ್ತರಿಂದ ಭಾಗ ಹೋಗುತ್ತೆ ಅಂತ ಹೊಳೀತು. ಹಾಗಿದ್ರೆ ಎಲ್ಲೋ ಅಂಕಿ ಅದಲು ಬದಲಾಗಿರಬಹುದು ಅಂತ ಕ್ಲಾಸಿನಲ್ಲಿ ಹೇಳಿದ್ರು. ಹಾಗೇ ಒಂದೊಂದೇ ನೋಡ್ತಾ ಹೋದೆ.’

ಆಮೇಲೆ ಪ್ರಶ್ನೆಗಳೆಲ್ಲ ಡೈರಿಯ ಮೇಲೆಯೇ. ಬಟವಾಡೆ ಪಟ್ಟಿ ಹೇಗಿರುತ್ತೆ, ಸಾಲ ಹೇಗೆ ಮುರೀತೀರಿ, ಸಂಘಕ್ಕೆ ಆಡಿಟ್ ಬಂದಾಗ ಯಾವ ಪುಸ್ತಕ ಕೇಳ್ತಾರೆ. ಅರ್ಧ ಗಂಟೆ ಮಾತಾಡಿದೆ. ಕೊನೆಯದಕ್ಕೆ ಪೂರ್ತಿ ಉತ್ತರ ಗೊತ್ತಿರಲಿಲ್ಲ, ಹಾಗಂತಲೇ ಹೇಳಿದೆ.

ಅದಾಗಿ ಎರಡು ದಿನಕ್ಕೆ ಬೆಳಿಗ್ಗೆ ಡೈರಿಯಲ್ಲಿದ್ದಾಗ ಚಿಕ್ಕಪ್ಪನ ಫೋನ್ ಬಡಿದುಕೊಂಡಿತು. ಎದ್ದು ಕ್ಯಾನುಗಳ ಆಚೆ ಹೋಗಿ ಬಹಳ ಹೊತ್ತು ‘ಹೌದು ಸರ್, ಹೌದು ಸರ್’ ಅಂದರು. ವಾಪಸ್ ಬಂದು, ಹಾಲಿಗೆ ನಿಂತವರೆಲ್ಲರ ಎದುರಿಗೆ, ‘ಒಂದನೇ ತಾರೀಕಿನಿಂದ ಬೆಳಿಗ್ಗೆ ಹೊತ್ತು ಇಲ್ಲಿ ಯಾರ್ನ ಕೂರಿಸ್ಲಿ ಕಣಮ್ಮ?’ ಅಂದರು.