ಪರಿಸರ ಆಲಿಕೆ ಸಭೆಗೆ ಊರು ಸಿದ್ಧವಾಗುವುದು ಹೇಗೆ?

ಬಂದರು ಬರಲಿ, ವಿದ್ಯುತ್ ಯೋಜನೆ ಬರಲಿ, ಪರಿಸರ ಅನುಮತಿಗೆ ಮೊದಲು ನಡೆಯುವ ಸಾರ್ವಜನಿಕ ಆಲಿಕೆಯಲ್ಲಿ, ಅಂದರೆ ಜನರ ಅಹವಾಲು ಕೇಳುವ ಸಭೆಯಲ್ಲಿ, ಕೈ ಎತ್ತಿದವರ ಲೆಕ್ಕ ಹಾಕುವುದಿಲ್ಲ. ಸಾವಿರ ಜನ 'ಬೇಡ' ಎಂದರೂ ಅಷ್ಟರಿಂದಲೇ ಯೋಜನೆ ನಿಲ್ಲುವುದಿಲ್ಲ. ಆದರೆ ಒಬ್ಬರೇ ಎದ್ದು ಕೇಳಿದ ಖಚಿತ ಪ್ರಶ್ನೆ ನಡಾವಳಿಯಲ್ಲಿ ಬಂದರೆ, ಪರಿಸರ ಪರಿಣಾಮದ ಅಂತಿಮ ವರದಿಯಲ್ಲಿ ಕಂಪನಿ ಅದಕ್ಕೆ ಉತ್ತರಿಸಬೇಕು. ಊರಿನ ಶ್ರಮವೆಲ್ಲ ಅಂಥ ಪ್ರಶ್ನೆ ಕಟ್ಟುವುದಕ್ಕೆ ಹೋಗಲಿ.

2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ಸಭೆ ಕರೆಯುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿಯದು. ಜನರಿಗೆ ಕನಿಷ್ಠ 30 ದಿನಗಳ ನೋಟಿಸ್ ಸಿಗಬೇಕು. ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆ ಎರಡರಲ್ಲೂ ಪ್ರಕಟಣೆ ಬರಬೇಕು. ಆ ಪುಟವನ್ನು ತಾರೀಖು ಕಾಣುವಂತೆ ಕತ್ತರಿಸಿಟ್ಟು ದಿನ ಎಣಿಸಿ. ದೇಶದ ರಕ್ಷಣಾ ಯೋಜನೆಗಳಿಗೆ ಆಲಿಕೆಯಿಂದ ವಿನಾಯಿತಿ ಇದೆ. ನೌಕಾನೆಲೆ ಇರುವ ಕಾರವಾರದವರಿಗೆ ಇದು ಗೊತ್ತಿರಬೇಕು.

ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಸಂಬಂಧಪಟ್ಟ ಗ್ರಾಮ ಪಂಚಾಯಿತಿಯಲ್ಲಿ ನೋಡಲು ಸಿಗಬೇಕು. ಕನ್ನಡದಲ್ಲಿ ಸಾಮಾನ್ಯವಾಗಿ ಸಾರಾಂಶವಷ್ಟೇ ಇರುತ್ತದೆ, ಪೂರ್ತಿ ವರದಿ ಇಂಗ್ಲಿಷಿನದು. ಸಾರಾಂಶ ಓದಿ ನಿಲ್ಲುವುದೇ ಮೊದಲ ಎಡವಟ್ಟು. ಊರಿನಲ್ಲಿ ಇಂಗ್ಲಿಷ್ ಬಲ್ಲ ಇಬ್ಬರನ್ನು ಕೂರಿಸಿ, ಈಗಿನ ಪರಿಸರ ಸ್ಥಿತಿಯನ್ನು ವಿವರಿಸುವ ಅಧ್ಯಾಯವನ್ನು ಸಾಲು ಸಾಲಾಗಿ ಓದಿಸಿ.

ಅಲ್ಲಿ ಮೊದಲು ಹುಡುಕಬೇಕಾದದ್ದು ಮಾದರಿ ತೆಗೆದ ತಿಂಗಳು. ಬಹಳಷ್ಟು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕಾಗುತ್ತದೆ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಇದರ ಪರಿಣಾಮ ದೊಡ್ಡದು. ಮಾರ್ಚ್‌ನಿಂದ ಮೇವರೆಗೆ ಓಡಾಡಿದ ತಂಡದ ಕಣ್ಣಿಗೆ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಕಗ್ಗ ಭತ್ತದ ಪೈರು ಬೀಳುವುದೇ ಇಲ್ಲ, ಅದು ಮಳೆಗಾಲದ ಬೆಳೆ. ಹೊಳೆಯ ನೀರು ಮಳೆಗೆ ಸಿಹಿಯಾಗುವುದೂ ಅವರ ಕೋಷ್ಟಕದಲ್ಲಿ ಬರುವುದಿಲ್ಲ.

ಎರಡನೆಯದು ನಕ್ಷೆ. ಪೂರ್ತಿ ಇಳಿತದ ಹೊತ್ತಿಗೆ, ಬಳಚು (ಚಿಪ್ಪುಜೀವಿ) ಹೆಕ್ಕುವ ಹೆಂಗಸರ ಜೊತೆಗೇ ಕೆಸರಿಗೆ ಇಳಿಯಿರಿ. ಅವರು ಬುಟ್ಟಿ ಇಡುವ ಪ್ರತಿ ಜಾಗದಲ್ಲೂ ಮೊಬೈಲಿನ ಜಿಪಿಎಸ್ ಅಂಕಿ ಬರೆದುಕೊಳ್ಳಿ. ಬಲೆ ಒಣಗಿಸುವ ಮರಳು, ರಂಪಣಿ ಬಲೆ ಎಳೆಯುವ ದಂಡೆ, ದೋಣಿ ತಿರುಗುವ ಅಳಿವೆಯ ಬಾಯಿ ಇವನ್ನೂ ಗುರುತಿಸಿ. ಆಮೇಲೆ ವರದಿಯ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಅಘನಾಶಿನಿ ಅಳಿವೆ 2024ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಆ ಸುತ್ತಿನ ಯೋಜನೆಯಾದರೆ ವರದಿ ಅದನ್ನು ಹೇಳಿದೆಯೇ ಎಂದೂ ಪರಿಶೀಲಿಸಿ.

ಈಗ ಪ್ರಶ್ನೆ ಬರೆಯಿರಿ. 'ಮೀನುಗಾರರು ಬೀದಿಪಾಲಾಗುತ್ತಾರೆ' ಎಂಬ ಮಾತು ಸತ್ಯವೇ ಇರಬಹುದು, ಆದರೆ ಅದಕ್ಕೆ 'ಪರಿಹಾರ ಕೊಡುತ್ತೇವೆ' ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದು. ಹೀಗೆ ಬರೆದರೆ ಜಾರಿಕೊಳ್ಳುವುದು ಕಷ್ಟ: 'ಇಂಥ ಪುಟದ ನಕ್ಷೆಯಲ್ಲಿ ಖಾಲಿ ಎಂದು ತೋರಿಸಿದ ಜಾಗದಲ್ಲಿ ಇಷ್ಟು ಮನೆಯವರು ಬಳಚು ಹೆಕ್ಕುತ್ತಾರೆ, ಪಟ್ಟಿ ಲಗತ್ತಿಸಿದೆ. ಹೂಳೆತ್ತಿದರೆ ಇಲ್ಲಿ ಎಷ್ಟು ಕೆಸರು ಕೂರುತ್ತದೆ? ಅಳೆಯುವವರು ಯಾರು?' ಒಂದು ಅರ್ಜಿಗೆ ಒಂದೇ ವಿಷಯ ಸಾಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಂಡೇ ಬನ್ನಿ.

ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕೆಂಬ ನಿಯಮ, ಇಲ್ಲ. ಊರಿಗೆ ಊರೇ ಬಹಿಷ್ಕರಿಸಿದರೂ ಸಭೆ ನಡೆದಂತೆಯೇ ಲೆಕ್ಕ; ಸಿಟ್ಟಿನಲ್ಲಿ ಎದ್ದು ಹೋದರೆ ನಷ್ಟ ನಮ್ಮದೇ. ಕಲಾಪದ ವಿಡಿಯೋ ಚಿತ್ರೀಕರಣ ಆಗಬೇಕು, ಕೊನೆಯಲ್ಲಿ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಊಟದ ಹೊತ್ತಿಗೆ ಪೆಂಡಾಲು ಖಾಲಿಯಾದರೆ ಅದನ್ನು ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಹತ್ತು ಜನರಾದರೂ ಕೊನೆತನಕ ಕೂರಲಿ. ನಿಮ್ಮ ಪ್ರಶ್ನೆ ಬರೀ 'ವಿರೋಧ ವ್ಯಕ್ತಪಡಿಸಿದರು' ಎಂದಾಗಿದ್ದರೆ ಅಲ್ಲೇ ತಿದ್ದಿಸಿ.

ಅಧಿಕಾರಿಗಳಿಗೂ ಒಂದು ಮಾತು. ಕಾರವಾರದ ಕಡೆ ಮನೆಮಾತು ಕೊಂಕಣಿಯಾದ ಕೇರಿಗಳಿವೆ. ಸಾರಾಂಶವನ್ನು ಕೊಂಕಣಿಯಲ್ಲೂ ಓದಿ ಹೇಳಿಸಿದರೆ ಅರ್ಧ ಗದ್ದಲ ತಣ್ಣಗಾಗುತ್ತದೆ.

ಘಟ್ಟದ ಮೇಲೆ, ಶಿರಸಿ, ಯಲ್ಲಾಪುರ, ಹಳಿಯಾಳದ ಕಡೆ ಅರಣ್ಯ ಜಮೀನಿನ ಪ್ರಶ್ನೆ ಬಂದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಬೇರೆಯೇ ಇದೆ. ಆಲಿಕೆ ಅದಕ್ಕೆ ಬದಲಿ ಆಗಲಾರದು. ಅಲ್ಲಿ ಕೋರಂ ಉಂಟು: ಅರ್ಧದಷ್ಟು ಸದಸ್ಯರು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆ ಪಟ್ಟಿಯಲ್ಲಿಲ್ಲದ ಹಾಲಕ್ಕಿ, ಗೌಳಿ ಕುಟುಂಬಗಳು ಇತರ ಪಾರಂಪರಿಕ ಅರಣ್ಯವಾಸಿಗಳೆಂದು ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ಠರಾವು ಓದದೆ ಖಾಲಿ ಹಾಜರಿ ಹಾಳೆಗೆ ಯಾರೂ ಸಹಿ ಹಾಕಬೇಡಿ.

ಅನುಮತಿ ಸಿಕ್ಕಿತೆಂದು ತಿಳಿದರೆ ತಡಮಾಡಬೇಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ. ತಕ್ಕ ಕಾರಣವಿದ್ದರೆ ಇನ್ನೂ 60 ದಿನ, ಅದರಾಚೆ ಇಲ್ಲ. ನಮಗೆ ಚೆನ್ನೈ ಪೀಠ. ವಕೀಲರ ಬಳಿ ಹೋಗುವಾಗ ನೋಟಿಸ್ ಪ್ರಕಟವಾದ ಪತ್ರಿಕೆಯ ಪುಟ, ಮುದ್ರೆ ಬಿದ್ದ ಅರ್ಜಿಯ ಪ್ರತಿ, ನಡಾವಳಿ ಮೂರೂ ಕೈಯಲ್ಲಿರಲಿ.