ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ

ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಆಮೇಲೆ ಉಬ್ಬರ, ಹುಳಿತೇಗು. ನಮ್ಮ ಉಡುಪಿಯಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಮೆಡಿಕಲ್‌ನಿಂದ ಒಂದು ಸ್ಟ್ರಿಪ್ ಮಾತ್ರೆ ತಂದರೆ ಮುಗೀತು ಅಂತ ನಾನೂ ವರ್ಷಗಟ್ಟಲೆ ನುಂಗಿದವನೇ. ತಿಂಗಳುಗಟ್ಟಲೆ ಹೀಗೇ ಇದ್ದರೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಕಡೆಗೂ ನೋಡಬೇಕು.

ಮೊದಲು ಎರಡು ವಾರ ಬರೆಯಿರಿ. ತಿಂದದ್ದು, ತಿಂದ ಹೊತ್ತು, ತೊಂದರೆ ಶುರುವಾದ ಹೊತ್ತು, ಅಷ್ಟೇ ಸಾಕು. ನನಗೆ ಅನುಮಾನ ಇದ್ದದ್ದು ಗೋಳಿಬಜೆ ಮೇಲೆ. ಸಿಕ್ಕಿಬಿದ್ದದ್ದು ಈರುಳ್ಳಿ ಹಾಕಿದ ಕಡ್ಲೆ ಬಜಿಲ್, ಅಂದರೆ ಕಡಲೆ-ಅವಲಕ್ಕಿ! ಕಡಲೆ, ಈರುಳ್ಳಿಯಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ರಾತ್ರಿ ಇಡ್ಲಿ ಹಿಟ್ಟು ಉಬ್ಬಿ ಮುಚ್ಚಳ ಎತ್ತುತ್ತದಲ್ಲ, ಹಾಗೆ.

ಆಮೇಲೆ ಡಾಕ್ಟರ ಹತ್ತಿರ ಎಚ್. ಪೈಲೋರಿ ಪರೀಕ್ಷೆ ಬೇಕಾ ಅಂತ ಕೇಳಿ. ಇದು ಜಠರದಲ್ಲೇ ಮನೆ ಮಾಡುವ ಬ್ಯಾಕ್ಟೀರಿಯಾ. ತೊಂದರೆಗೆ ಇದೇ ಕಾರಣ ಅಂತ ತೋರಿಸಲು 1984ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ ಇದನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಪರೀಕ್ಷೆ ಉಸಿರಿನದ್ದು ಅಥವಾ ಮಲದ್ದು. ಆದರೆ ಒಮೆಪ್ರಜೋಲ್ ಥರದ, ಆಮ್ಲ ಕಡಿಮೆ ಮಾಡುವ ಮಾತ್ರೆ 2 ವಾರ, ಆಂಟಿಬಯೋಟಿಕ್ 4 ವಾರ ಮೊದಲೇ ನಿಂತಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ವರದಿ ಬರಬಹುದು. ನಾನು ಬೆಳಿಗ್ಗೆ ಮಾತ್ರೆ ನುಂಗಿಯೇ ಹೋಗಿದ್ದೆ, ವಾಪಸ್ ಕಳಿಸಿದರು. ಪಾಸಿಟಿವ್ ಬಂದರೆ ಡಾಕ್ಟರು ಕೊಟ್ಟ ಔಷಧಿಯ ಕೋರ್ಸ್ ಪೂರ್ತಿ ಮುಗಿಸಿ. ಬ್ಯಾಕ್ಟೀರಿಯಾ ಹೋದ ಮೇಲೂ ಎಲ್ಲರ ಅಜೀರ್ಣ ಹೋಗುವುದಿಲ್ಲ, ಇದೂ ಗೊತ್ತಿರಲಿ.

ಇನ್ನು ಊಟ. ವಾರಕ್ಕೆ ಒಂದೇ ಬದಲಾವಣೆ. ನಾರು ಒಳ್ಳೆಯದು ಅಂತ ಒಮ್ಮೆಲೇ ಬಟ್ಟಲು ತುಂಬ ಬಾಳೆದಿಂಡಿನ ಪಲ್ಯ ತಿಂದರೆ ಉಬ್ಬರ ಜಾಸ್ತಿಯೇ ಆಗುತ್ತದೆ, ಎರಡು ಚಮಚದಿಂದ ಶುರು ಮಾಡಿ. ಮೊಸರಿನ ಬ್ಯಾಕ್ಟೀರಿಯಾ ಬೇಕು ಅಂತಿದ್ದರೆ ತಂಬುಳಿ ಸರಿ, ಅದನ್ನು ಕುದಿಸುವುದಿಲ್ಲ. ಮಜ್ಜಿಗೆಹುಳಿ ಕುದಿಯುವಾಗ ಅವು ಸಾಯುತ್ತವೆ. ಇಡ್ಲಿಯದ್ದೂ ಅದೇ ಕಥೆ, ಹಬೆಯಲ್ಲೇ ಮುಗಿಯುತ್ತವೆ. ದುಬಾರಿ ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಒಂದೊಂದರಲ್ಲಿ ಒಂದೊಂದು ತಳಿ, ಅಜೀರ್ಣಕ್ಕೆ ಇದೇ ಆಗುತ್ತದೆ ಅನ್ನುವಷ್ಟು ಗಟ್ಟಿ ಪುರಾವೆ ಇಲ್ಲ.

ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಕ್ತ ವಾಂತಿಯಾದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ ಈ ನೋಟ್‌ಬುಕ್ಕು ಗೀಟ್‌ಬುಕ್ಕು ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಲು ಮರೀಬೇಡಿ.